ಹಸಿ ತಟ್ಟಿನ ಮೇಲಿನ ನಮ್ಮವ್ವ

ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸೂ ಇರುತ್ತಾಳೆಯೇ ಎಂದು ನೀವು ನಗಬಹುದು. ನಗಿ. ನಾನಂತೂ ಪಟ್ಟಿದ್ದೇನೆ, ಕರುಳು ಉರಿಯುವಷ್ಟು ಪಟ್ಟಿದ್ದೇನೆ. ಅದೂ ನನ್ನ ಮೊಣಕಾಲಿನೆತ್ತರಕ್ಕೂ ಬಾರದ, ಮೈತುಂಬ ಬಿಳಿ ಕೂದಲಿನ ಒಂದು ಹೆಣ್ಣು ನಾಯಿಯ ಮೇಲೆ.

ಮದುವೆಯಾಗಿ ಹುಕ್ಕೇರಿಯಿಂದ ಮೂಡಲಗಿ ಹತ್ತಿರದ ಈ ಊರಿಗೆ ಬಂದಾಗ ಮನೆಯಲ್ಲಿದ್ದವರು ಇಬ್ಬರೇ, ಗಂಡ ಮತ್ತು ಮಾವ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಬೆಳಿಗ್ಗೆ ಬೈಕ್ ಹತ್ತಿ ಗೋಕಾಕಕ್ಕೆ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ನಾನು, ಮಾವ. ಆದರೆ ಈ ಮನೆತನದಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿಯಿಲ್ಲ. ಮಾವನೂ ಸೊಸೆಯನ್ನು ಮಾತಾಡಿಸುವುದಿಲ್ಲ. ಅವರು ಬಂದರೆ ಬಾಗಿಲಲ್ಲಿ ಕೆಮ್ಮುತ್ತಾರೆ, ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಸರಿಯುತ್ತೇನೆ. ಚಹಾ ಆದರೆ ಹೊಸ್ತಿಲ ಮೇಲಿಟ್ಟು ಬಳೆ ಸಪ್ಪಳ ಮಾಡುತ್ತೇನೆ, ಅವರು ಬಂದು ತೆಗೆದುಕೊಳ್ಳುತ್ತಾರೆ. ಹೇಳುವುದೇನಾದರೂ ಇದ್ದರೆ ಸಂಜೆ ಗಂಡನ ಬಾಯಿಂದ. ಈಗಿನ ಕಾಲದಲ್ಲಿ ಇದನ್ನೆಲ್ಲ ಯಾರು ನಡೆಸುತ್ತಾರೆ ಎಂದು ಗಂಡನೇ ನಗುತ್ತಿದ್ದ. ನಾವಿಬ್ಬರು ನಡೆಸುತ್ತಿದ್ದೆವು. ಬಿಡುವುದಾದರೆ ಮೊದಲು ಬಾಯಿ ತೆರೆಯಬೇಕಾದವರು ಯಾರು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ತವರಿನಲ್ಲಿ ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಅಪ್ಪ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ನೀರು ಬೇಕಾದರೂ ‘ನಮ್ಮವ್ವಾ’, ಬೈಯಬೇಕಾದರೂ ‘ನಮ್ಮವ್ವಾ’. ನಮ್ಮ ಕಡೆ ಮಗಳ ಮೇಲೆ ಪ್ರೀತಿ ಉಕ್ಕಿದರೆ ಅವಳನ್ನು ಅವ್ವನನ್ನಾಗಿ ಮಾಡಿಬಿಡುತ್ತಾರೆ. ಆ ಕರೆ ಹುಕ್ಕೇರಿಯಲ್ಲೇ ಉಳಿಯಿತು. ಇಲ್ಲಿ ನಾನು, ಮಾವ ಮಗನಿಗೆ ‘ಒಳಗ ಹೇಳು’ ಎನ್ನುವುದರಲ್ಲಿನ ‘ಒಳಗ’ ಆದೆ.

ಹೀಗಿರುವಾಗ ಗಂಡ ಗೋಕಾಕದಿಂದ ಆ ನಾಯಿಯನ್ನು ತಂದ. ಇಂಥ ಕೂದಲಿನ ಪ್ರಾಣಿ ನಮ್ಮ ಬಿಸಿಲಿಗೆ ತಾಳುತ್ತದೆಯೇ ಎಂದು ಮಾವ ಮೊದಲು ಅವನಿಗೇ ಬೈದರು. ಬೈದವರೇ ಮರುದಿನದಿಂದ ಅದರ ಹಿಂದೆ ಬಿದ್ದರು. ಬೇಸಿಗೆ ಶುರುವಾದ ಮೇಲಂತೂ ಕೇಳಬೇಡಿ. ಹೊತ್ತು ಏರುವ ಮೊದಲೇ ಅದನ್ನು ಹೊಲದ ದಾರಿಯಲ್ಲಿ ತಿರುಗಾಡಿಸಿ ತರುವುದು. ಆಮೇಲೆ ಅದು ಅಂಗಳ ದಾಟಹೋದರೆ, ಅವರು ಬಗ್ಗಿ ನೆಲಕ್ಕೆ ಅಂಗೈ ಒತ್ತಿ ನೋಡಿ, “ಎಲ್ಲಿ ಹೊಂಟಿ ನಮ್ಮವ್ವಾ, ಕಾಲ ಸುಟ್ಟಾವು” ಎಂದು ಕರೆದು ತರುವುದು.

ನಮ್ಮವ್ವಾ! ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ನನ್ನ ಕೈ ನಿಂತಿತು. ಆ ಹೊತ್ತಿನ ರೊಟ್ಟಿ ಅರ್ಧ ಸೀದವು.

ನೀರಿನ ಬೋಗುಣಿಗೆ ಬಿಸಿಲು ತಾಗಿದರೆ ಚೆಲ್ಲಿ ಹೊಸ ನೀರು. ಉಪ್ಪು ಹಾಕದ ತಿಳಿ ಮಜ್ಜಿಗೆ. ಗಂಡ ಕೂದಲು ಬೋಳಿಸಿಬಿಡೋಣ ಎಂದಾಗ, ದನದ ಡಾಕ್ಟರನ್ನು ಕೇಳಿಬಂದು, ಬೋಳಿಸಿದರೆ ಚರ್ಮವೇ ಸುಡುತ್ತದಂತೆ ಎಂದು ಕೂತು ಬಾಚಿದರು. ಬೇವಿನ ನೆರಳಲ್ಲಿ ಆ ಹಿರಿಯರು ನಾಯಿಯ ಸಿಕ್ಕು ಬಿಡಿಸುವಾಗ ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ರೊಟ್ಟಿ ಚೆನ್ನಾಗಿದೆ ಎಂದು ಗಂಡನ ಬಾಯಿಂದಲೂ ಹೇಳಿಸದ ಮನುಷ್ಯ, ಅದರ ಜೊತೆ ಮಳೆ, ಬೆಳೆ, ತೀರಿಹೋದ ಅತ್ತೆಯ ಸಿಟ್ಟು, ಎಲ್ಲವನ್ನೂ ಮಾತಾಡುತ್ತಿದ್ದರು. ಅತ್ತೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಾಯಿಗೆ ಹೇಳಿದ್ದನ್ನು ಕದ್ದು ಕೇಳಿದ್ದು.

ಅದು ಮಲಗುತ್ತಿದ್ದುದು ಅಡಿಗೆಮನೆಯ ಬಾಗಿಲ ಹೊರಗೆ, ನೀರಿನ ಕೊಡಗಳ ಪಕ್ಕ. ಅಲ್ಲಿ ಮಾವ ಗೋಣಿಯ ತಟ್ಟು ತೋಯಿಸಿ ಹಾಸಿದರು. ನಮ್ಮ ಅಡಿಗೆಮನೆಗೆ ತಗಡಿನ ಚಾವಣಿ. ಅದೇ ತಗಡು ಮುಂದೆ ಚಾಚಿ ನಾಯಿಯ ಜಾಗವನ್ನೂ ಮುಚ್ಚುತ್ತದೆ. ಒಂದು ದಿನ ಮಾವ ಹೊಲದಿಂದ ಕಬ್ಬಿನ ಒಣ ಎಲೆಯ ರವದಿಯನ್ನು ಹೊರೆಗಟ್ಟಲೆ ತಂದು, ಏಣಿ ಹತ್ತಿ, ಹೊಗೆ ಹೋಗುವ ಕೊಳವೆಯ ಸುತ್ತ ಮಾತ್ರ ಖಾಲಿ ಬಿಟ್ಟು, ಉಳಿದ ತಗಡಿನ ಮೇಲೆಲ್ಲ ದಪ್ಪಗೆ ಹೊದಿಸಿ ಹಗ್ಗ ಬಿಗಿದರು. ದಿನಾ ಮಧ್ಯಾಹ್ನ ಅದರ ಮೇಲೆ ನೀರು ಹೊಯ್ಯುತ್ತಿದ್ದರು. ನಾಯಿಗೆ ಸೆಕೆ ಆಗುತ್ತದೆ ಎಂದು ಗಂಡನಿಗೆ ಹೇಳಿದರಂತೆ.

ಅದೇ ತಗಡಿನ ಕೆಳಗೆ ಹಿಂದಿನ ಬೇಸಿಗೆಯೆಲ್ಲ ನಾನು ಬೆಂದಿದ್ದೆ. ಆಗ ಒಂದು ಕಟ್ಟು ರವದಿಯೂ ಬಂದಿರಲಿಲ್ಲ. ಮುಂದಿನ ಜನ್ಮದಲ್ಲಿ ನಿಮ್ಮ ಮನೆಗೆ ನಾಯಿಯಾಗಿಯೇ ಬರುತ್ತೇನೆ ಎಂದು ಗಂಡನಿಗೆ ಹೇಳಿದೆ. ಅವನು ನಕ್ಕ. ನಾನು ಎರಡು ದಿನ ಅವನೊಂದಿಗೆ ಮಾತು ಬಿಟ್ಟೆ, ಮನೆಯಲ್ಲಿ ಮಾತಾಡಲು ಇದ್ದವನೂ ಅವನೊಬ್ಬನೇ ಎಂಬುದನ್ನು ಮರೆತು.

ಬಿಸಿಲಿನ ದಿನಗಳಲ್ಲಿ ನಾಯಿಗೆ ಉಣ್ಣಿ ಹತ್ತಿದವು. ಗಂಡ ನಸುಕಿನಲ್ಲೇ ಅದನ್ನು ಗೋಕಾಕಕ್ಕೆ ಔಷಧಕ್ಕೆ ಒಯ್ದ. ಮಧ್ಯಾಹ್ನದ ಬಿಸಿಲಲ್ಲಿ ಬೈಕಿನ ಮೇಲೆ ತರಬೇಡ, ಸ್ನೇಹಿತನ ಮನೆಯ ತಂಪಿನಲ್ಲಿ ಬಿಟ್ಟು, ಹೊತ್ತು ಮುಳುಗಿದ ಮೇಲೆ ತಾ ಎಂದು ಮಾವ ಮೂರು ಸಲ ಹೇಳಿ ಕಳಿಸಿದರು.

ಆ ದಿನ ಮನೆ ಬಿಕೋ ಎನ್ನುತ್ತಿತ್ತು. ನಾಯಿ ಇಲ್ಲದಿದ್ದರೆ ಮಾವನ ದನಿಯೇ ಇಲ್ಲ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಒಲೆ ಹಚ್ಚಿ, ತಿಂಗಳುಗಟ್ಟಲೆ ಇಡುವ ಕಟಕ ರೊಟ್ಟಿ ಬಡಿಯಲು ಕೂತೆ. ಮಧ್ಯಾಹ್ನವಾಯಿತು. ತಲೆಯ ಮೇಲೆ ನೀರು ಬೀಳುವ ಸಪ್ಪಳ ಕೇಳಿತು. ಮಾವ ಏಣಿ ಹತ್ತಿ ರವದಿಗೆ ನೀರು ಹೊಯ್ಯುತ್ತಿದ್ದರು. ಮುದುಕರು ಮರೆತಿದ್ದಾರೆ, ನಾಯಿ ಎಲ್ಲಿದೆ ಈಗ ಎಂದುಕೊಂಡೆ.

ಅವರು ಇಳಿದು ಬಂದರು. ಕೆಮ್ಮಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ, ಖಾಲಿ ತಟ್ಟಿನ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದರು. ಕೊಡದಲ್ಲಿ ಉಳಿದ ನೀರನ್ನು ಆ ತಟ್ಟಿನ ಮೇಲೆ ಸುರಿದು, ತಟ್ಟಿಗೇ ಹೇಳಿದರು:

“ಒಲಿ ಮುಂದ ಎಷ್ಟೊತ್ತ ಕೂಡತಿ ನಮ್ಮವ್ವಾ. ಸಾಕ್ ಮಾಡು. ಎದ್ದು ಗಾಳಿಗಿ ಬಾ.”

ಯಾವ ನಾಯಿ ಒಲೆಯ ಮುಂದೆ ಕೂಡುತ್ತದೆ? ಬಳೆ ಅಲ್ಲಾಡಿಸಲು ಕೈ ಎತ್ತಿದೆ, ಮತ್ತೆ ಇಳಿಸಿದೆ. ನಾನೂ ಬಾಗಿಲ ಕಡೆ ನೋಡದೆ, ಹಂಚಿನ ಮೇಲಿನ ರೊಟ್ಟಿಗೆ ಹೇಳಿದೆ:

“ಇನ್ನೆರಡ ರೊಟ್ಟಿ ಬಡದ ಬರತೇನ್ರಿ, ಮಾವಾರ.”

ಹೊರಗೆ ಹಗ್ಗದ ಹೊರಸಿನ ಮಂಚ ಎಳೆದದ್ದು ಕೇಳಿತು. ನಾನು ಹೋಗಿ ನೋಡಿದಾಗ ಹೊರಸು ಬೇವಿನ ನೆರಳಲ್ಲಿತ್ತು. ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಮುಚ್ಚಿಟ್ಟಿದ್ದರು, ಉಪ್ಪು ಹಾಕಿದ್ದು. ಅವರು ಹೊಲದ ಕಡೆ ಹೋಗಿಬಿಟ್ಟಿದ್ದರು.

ಹೊತ್ತು ಮುಳುಗಿದ ಮೇಲೆ ಬೈಕ್ ಬಂತು. ನಾಯಿ ಇಳಿದು ಓಡಿತು. ಮಾವ ಬಗ್ಗಿ ಅದರ ಕಿವಿ ಹಿಂದೆ ಉಣ್ಣಿ ಹುಡುಕುತ್ತ, “ಬಂದ್ಯಾ ನಮ್ಮವ್ವಾ” ಎಂದರು. ಹೊಸ್ತಿಲಲ್ಲಿ ನಿಂತಿದ್ದ ನನಗೆ ಮತ್ತೆ ಉರಿ ಎದ್ದಿತು, ಮೊದಲಿಗಿಂತ ಜೋರಾಗಿ. ಈಗ ಆ ಕರೆ ನನ್ನದಾಗಿತ್ತು.