ಎರಡನೆಯ ಬಕೆಟ್

ಎರಡನೆಯ ಬಕೆಟ್ ಸುರಿದದ್ದು ಯಾರು ಎಂಬುದು ನನಗೆ ಖಚಿತವಿಲ್ಲ. ಮೊದಲನೆಯದನ್ನು ನಾವಿಬ್ಬರೂ ಹಿಡಿಕೆಯ ಎರಡು ಕಡೆ ಹಿಡಿದು ತಂದು ಅಡುಗೆಮನೆಯಲ್ಲಿ ಬಗ್ಗಿಸಿದ್ದು ನೆನಪಿದೆ. ಎರಡನೆಯದರಲ್ಲಿ ನೆನಪಿರುವುದು ನೀರು ಮಾತ್ರ. ನೊರೆ ಹೊತ್ತ ನೀರು ಹಜಾರದ ಮರದ ನೆಲದ ಮೇಲೆ ಮುಂಬಾಗಿಲವರೆಗೂ ಅಗಲವಾಗಿ ಹರಿದುಹೋಯಿತು. ಬಕೆಟ್ಟಿನ ಹಿಂದೆ ಕೈ ಇದ್ದೇ ಇರಬೇಕಲ್ಲ. ಅದು ನನ್ನ ನೆನಪಿನಲ್ಲಿಲ್ಲ. ಬಹಳ ವರ್ಷ ಅದು ಆಕೆಯ ಕೈ ಎಂದೇ ನಂಬಿಕೊಂಡಿದ್ದೆ, ಏಕೆಂದರೆ ಕಚೇರಿಯ ಫಾರ್ಮಿನಲ್ಲಿ ಹಾಗೆ ಬರೆದಿತ್ತು. ಹಾಗೆ ನಂಬುವುದು ನನಗೆ ಅನುಕೂಲವೂ ಆಗಿತ್ತು.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನಾನು ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದಲ್ಲಿ ಸ್ನಾತಕೋತ್ತರ ಓದುತ್ತಿದ್ದೆ. ಸಾಫ್ಟ್‌ವೇರ್ ಪರೀಕ್ಷಿಸುವುದು ನನ್ನ ವಿಷಯ. ಯಾರು ಏನೇ ಹೇಳಿದರೂ ‘ಪುರಾವೆ ಎಲ್ಲಿ?’ ಎನ್ನುವ ಚಟ ಅಲ್ಲಿಂದಲೇ ಅಂಟಿದ್ದು. ಒಂದು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿ, ಕೊನೆಗೆ ಇಸ್ರೇಲಿನ ಹೈಫಾದಿಂದ ಬಂದಿದ್ದ ಒಬ್ಬ ಹೆಂಗಸಿನ ಮನೆಯ ಚಿಕ್ಕ ಕೋಣೆಯಲ್ಲಿ ನಿಂತೆ. ಟೆಲಿಕಾಂ ಕಂಪನಿಯೊಂದರಲ್ಲಿ ಎರಡು ವರ್ಷದ ಕೆಲಸಕ್ಕೆ ಬಂದಿದ್ದ, ಐವತ್ತು ದಾಟಿದ ಇಂಜಿನಿಯರ್ ಆಕೆ. ಮೊದಲ ದಿನ ‘ಆಂಟಿ’ ಎಂದಿದ್ದಕ್ಕೆ, "ನಾನು ನಿನ್ನ ಯಾವ ಮಾವನ ಹೆಂಡತಿ?" ಎಂದು ಗದರಿದರು. ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ಹಾಗಾಗಿ ಎರಡು ಚಳಿಗಾಲ ಆಕೆಯನ್ನು ಏನೂ ಕರೆಯದೆ, ಎದುರಿಗೆ ಹೋಗಿ ನಿಂತು ಮಾತಾಡಿದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಈಗ ಅದು ನನಗೆ ಕನ್ನಡದಲ್ಲೇ ಕೇಳಿಸುತ್ತದೆ. ನೆನಪನ್ನು ಪೂರ್ತಿ ನಂಬದಿರಲು ಇದೂ ಒಂದು ಕಾರಣ.

"ಇದೂ ಒಂದು ಚಳಿಗಾಲನಾ?" ಎನ್ನುತ್ತಿದ್ದರು. ಕಿಟಕಿಯ ಹೊರಗೆ ಮೈನಸ್ ಹತ್ತು, ಒಳಗೆ ನಾವಿಬ್ಬರೂ ಬರೀ ಟೀ ಶರ್ಟಿನಲ್ಲಿ. "ನಮ್ಮಲ್ಲಿ ಚಳಿಗಾಲ ಇರೋದು ಮನೆಯೊಳಗೆ. ಬೆಚ್ಚಗಾಗಬೇಕಾದ್ರೆ ರಸ್ತೆಗೆ ಹೋಗ್ಬೇಕು."

ಹೈಫಾದ ಮನೆಯ ಕಲ್ಲಿನ ನೆಲ, ಎರಡೆರಡು ಉಣ್ಣೆಯ ಕಾಲುಚೀಲ, ಹೆಗಲ ಮೇಲೆ ಕಂಬಳಿ ಹೊದ್ದು ಸೀಮೆಎಣ್ಣೆ ಹೀಟರಿನ ಸುತ್ತ ಕೂರುವುದು, ಅದರ ತಲೆಯ ಮೇಲೆ ಕಿತ್ತಳೆ ಸಿಪ್ಪೆ ಇಟ್ಟರೆ ಮನೆಯೆಲ್ಲ ಹರಡುವ ಘಮ. ಇಲ್ಲಿಯೂ ಪ್ರತಿ ಸಂಜೆ ಕಿಟಕಿಯಡಿಯ ರೇಡಿಯೇಟರಿನ ಮೇಲೆ ಸಿಪ್ಪೆ ಸಾಲಾಗಿ ಇಡುತ್ತಿದ್ದರು. ಅದು ಸುಡುವಷ್ಟು ಬಿಸಿಯಾಗುವುದಿಲ್ಲ. ಸಿಪ್ಪೆ ಒಣಗಿ ಸುರುಟಿಕೊಳ್ಳುತ್ತಿತ್ತೇ ಹೊರತು ಘಮ ಬರುತ್ತಿರಲಿಲ್ಲ. ಮೂಗು ಹತ್ತಿರ ಒಯ್ದು, "ಬಂತಾ?" ಎನ್ನುತ್ತಿದ್ದರು. "ಬಂತು" ಎನ್ನುತ್ತಿದ್ದೆ. ಪುರಾವೆ ಕೇಳುವವನು ಹೇಳುತ್ತಿದ್ದ ಸುಳ್ಳು ಅದೊಂದೇ.

ಹೈಫಾದಲ್ಲಿ ಸ್ನಾನದ ನೀರು ಕಾಯಿಸುವುದು ಮಹಡಿ ಮೇಲಿನ ಬಿಸಿಲು. ಮೋಡ ಕವಿದ ದಿನ ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕಬೇಕು; ಆರಿಸಲು ಮರೆತವರ ಮೇಲೆ ಇಡೀ ಮನೆ ಕೂಗಾಡುತ್ತದೆ. ಗೀಸರ್ ಜಗಳ ನಮ್ಮ ಮನೆಯಲ್ಲೂ ಇತ್ತು ಎಂದು ಹೇಳಿದಾಗ ಆಕೆಗೆ ಎಲ್ಲಿಲ್ಲದ ಸಂತೋಷ. ಅವರಿಗೆ ಚಳಿಗಾಲವೇ ಮಳೆಗಾಲ. ಪ್ರತಿ ಶುಕ್ರವಾರ ಬೆಳಿಗ್ಗೆ ತಂಗಿಗೆ ಫೋನು. ಮೊದಲ ಪ್ರಶ್ನೆ ಆರೋಗ್ಯದ್ದಲ್ಲ, ಉತ್ತರದ ದೊಡ್ಡ ಸರೋವರದ ನೀರು ಎಷ್ಟು ಏರಿತು ಎಂಬುದು.

"ನಮ್ಮಲ್ಲೂ ಹಾಗೇ. ಕನ್ನಂಬಾಡಿ ಕಟ್ಟೆ ಎಷ್ಟು ತುಂಬಿತು ಅಂತ ದಿನಾ ಪೇಪರಿನಲ್ಲಿ ಹಾಕ್ತಾರೆ, ಅಡಿ ಲೆಕ್ಕದಲ್ಲಿ," ಎಂದೆ ಒಮ್ಮೆ.

"ನಿಮ್ಮದು ಪರವಾಗಿಲ್ಲ. ನಮ್ಮ ಸರೋವರ ಇರೋದೇ ಸಮುದ್ರಮಟ್ಟಕ್ಕಿಂತ ಕೆಳಗೆ. ನಾವು ಯಾವಾಗಲೂ ಮೈನಸ್ಸಿಂದಲೇ ಶುರು."

ನೆಲಕ್ಕೆ ನೀರು ಸುರಿದ ಆ ಚಳಿಗಾಲದಲ್ಲೇ ಯಾವಾಗಲೋ ಬಸ್ ಸ್ಟಾಪಿನ ಬಳಿ ಐಸಿನ ಮೇಲೆ ಜಾರಿ ಆಕೆ ಮಣಿಕಟ್ಟು ಮುರಿದುಕೊಂಡರು. ಸೂಪಿಗೆ ಈರುಳ್ಳಿ ಹೆಚ್ಚುವ ಕೆಲಸ ಒಂದು ತಿಂಗಳು ನನ್ನದಾಯಿತು. ಅದು ಹೊಸ ವರ್ಷ ಕಳೆದ ಮೇಲೆ ಎಂದು ನನ್ನ ಅಂದಾಜಾಗಿತ್ತು.

ನೀರಿನ ಶುಕ್ರವಾರ ಬಂದದ್ದು ಡಿಸೆಂಬರಿನಲ್ಲಿ, ಅವರ ದೀಪದ ಹಬ್ಬದ ವಾರ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ: ವಾಸದ ಪರ್ಮಿಟ್ಟಿನ ವಿಸ್ತರಣೆ. ಅರ್ಜಿ ಹಾಕಿ ಎರಡು ತಿಂಗಳಾಗಿತ್ತು. ಅದು ಬರದಿದ್ದರೆ ಓದು ಅರ್ಧಕ್ಕೆ ಬಿಟ್ಟು ಹೊರಡಬೇಕು. ಎದುರು ಬ್ಲಾಕಿನಲ್ಲಿದ್ದ ಬೆಂಗಳೂರಿನ ಗೆಳೆಯ ಹೆದರಿಸಿಟ್ಟಿದ್ದ: "ಲೋ, ಹುಷಾರಾಗಿರಪ್ಪ. ನಿನ್ ಹೆಸ್ರಲ್ಲಿ ಒಂದ್ ಕಂಪ್ಲೇಂಟ್ ಬಂತು ಅಂದ್ರೆ ಪರ್ಮಿಟ್ ಮರ್ತುಬಿಡು. ಡೈರೆಕ್ಟ್ ಏರ್‌ಪೋರ್ಟು." ಇದಕ್ಕೆ ಪುರಾವೆ ಏನೆಂದು ನಾನು ಕೇಳಲಿಲ್ಲ. ಹೆದರಿಕೆಗೆ ಪುರಾವೆ ಬೇಕಾಗುವುದಿಲ್ಲ. ದಿನಾ ಬೆಳಿಗ್ಗೆ ಬಾಗಿಲಿನ ಅಂಚೆ ಕಿಂಡಿಯ ಕೆಳಗೆ ನಾನು ಬಗ್ಗಿ ನೋಡುವುದನ್ನು ಆಕೆ ಕಂಡಿದ್ದರು.

ಅಂದು ತಂಗಿ ಹೈಫಾದಲ್ಲಿ ಮೂರು ದಿನದಿಂದ ಮಳೆ ಎಂದರಂತೆ. ಫೋನಿಟ್ಟವರೇ ನೆಲ ನೋಡಿದರು. ತಿಂಗಳುಗಟ್ಟಲೆ ನಾವು ಸ್ವೀಡಿಷರ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಬಂದಿದ್ದೆವು.

"ಇದು ನೆಲ ತೊಳೆಯೋದಲ್ಲ, ಕೊಳೆಗೆ ಪಾಲಿಶ್ ಹಾಕೋದು. ನಿಮ್ಮ ಮನೇಲಿ ಹೇಗೆ?"

"ಹಬ್ಬದ ಹಿಂದಿನ ದಿನ ನೀರು ಹುಯ್ದು ಪೊರಕೆಯಲ್ಲಿ ತಳ್ತೀವಿ."

"ಅಂದ್ರೆ ನೀನು ಮನುಷ್ಯನೇ. ಯಲ್ಲಾ, ನಡಿ ನಡಿ, ಏಳು! ಕತ್ತಲಾಗೋದ್ರೊಳಗೆ ಮುಗಿಸಬೇಕು."

ಮೂರೂವರೆಗೆಲ್ಲ ಅಲ್ಲಿ ಕತ್ತಲು, ಶುಕ್ರವಾರ ಕತ್ತಲಾದರೆ ಅವರಿಗೆ ಕೆಲಸ ಬಿಡುವ ಹೊತ್ತು. ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದೆ, ಚಾಪೆ ಸುತ್ತಿದೆ. ಸ್ನಾನದ ತೊಟ್ಟಿಯಲ್ಲಿ ಇಟ್ಟಿದ್ದ ದೊಡ್ಡ ಬಕೆಟ್ ತುಂಬಿತು. ಎರಡು ಕೈ ಹಾಕದೆ ಏಳದಷ್ಟು ಭಾರ. ಮೊದಲ ಬಕೆಟ್ ಅಡುಗೆಮನೆಯಲ್ಲಿ ಸುರಿದಾಗ ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ಬರಿಗಾಲಿಗೆ ನೀರು ತಾಗಿ ಎಷ್ಟು ಕಾಲವಾಗಿತ್ತೋ. ಎರಡನೆಯದು ಹಜಾರದಲ್ಲಿ ಹರಿಯಿತು. ರಬ್ಬರ್ ಪಟ್ಟಿಯ ಕೋಲು ಹಿಡಿದು ನೀರನ್ನು ಮೂಲೆಗೆ ತಳ್ಳುತ್ತ ಹೋದ ನಾನು ಮೂಲೆಯಲ್ಲಿ ನಿಂತುಬಿಟ್ಟೆ.

"ತೂತು ಎಲ್ಲಿ?" ಎಂದೆ.

ಹೈಫಾದ ಮನೆಯಲ್ಲಿ ನೀರು ಹೊರಹೋಗಲು ಗೋಡೆಯ ಬುಡದಲ್ಲಿ ತೂತು ಇರುತ್ತದೆ. ನಮ್ಮ ಮನೆಯಲ್ಲೂ ಇತ್ತು. ತೂತಿಲ್ಲದ ಮನೆಯೂ ಇರಬಹುದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಆಕೆ ಗೋಡೆ ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ನೀರು ತಾನೇ ದಾರಿ ಹುಡುಕಿಕೊಂಡು ಹಲಗೆಗಳ ಸಂದಿಯಲ್ಲಿ ಇಳಿಯತೊಡಗಿತ್ತು.

ಹತ್ತು ನಿಮಿಷಕ್ಕೆ ಕೆಳಗಿನ ಮನೆಯ ಮುದುಕ ಬಂದರು, ನಿವೃತ್ತ ನಾವಿಕ. ಅಂಥ ಹೊತ್ತಿನಲ್ಲೂ ಬೂಟು ಬಾಗಿಲಲ್ಲೇ ಬಿಚ್ಚಿ, ಕಾಲುಚೀಲದಲ್ಲಿ ನಮ್ಮ ನೀರಿಗೇ ಕಾಲಿಟ್ಟರು. "ಕ್ಷಮಿಸಿ," ಎಂದರು, "ನಿಮ್ಮಲ್ಲಿ ಮಳೆ ಬರುತ್ತಿದೆಯೇ? ನಮ್ಮಲ್ಲಿ ಬರುತ್ತಿದೆ."

ಸೋಮವಾರ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಒಬ್ಬ ಫಾರ್ಮ್ ಹಿಡಿದು ಬಂದ. ಉಬ್ಬಿದ ಹಲಗೆಗಳನ್ನು ತಟ್ಟಿ ನೋಡಿ ಕೇಳಿದ: "ಸುರಿದವರು ಯಾರು?"

ಬಾಯಿ ತೆರೆದೆನೇ, ಇಲ್ಲವೇ? ತೆರೆದೆ ಎಂದುಕೊಳ್ಳಲು ಇಷ್ಟ.

"ನಾನು. ಎರಡೂ ಬಕೆಟ್ ನಾನೇ," ಎಂದರು ಆಕೆ.

"ಈ ಹುಡುಗ?"

"ಇವನಾ? ಕೋಣೆಯಲ್ಲಿ ಓದ್ತಿದ್ದ. ಯಾವಾಗಲೂ ಓದ್ತಾನೆ, ಮನೆಗೆ ಮೂರು ಕಾಸಿನ ಉಪಯೋಗ ಇಲ್ಲ."

ಆತ ಆಕೆಯನ್ನು ಮೇಲಿಂದ ಕೆಳಗೆ ನೋಡಿದ, ನನ್ನನ್ನು ನೋಡಿದ. ಏನೋ ಕೇಳಲು ಹೊರಟವನು ತಡೆದು, ಬರೆದುಕೊಂಡ. "ನೀವೇ ತುಂಬಿಸಿ, ಸಹಿ ಮಾತ್ರ ಹಾಕ್ತೀನಿ," ಎಂದರು ಆಕೆ. ಸಹಿ ಗೀರಿದ ಹಾಗಿತ್ತು. ತಮ್ಮ ಭಾಷೆಯನ್ನು ಬಲದಿಂದ ಎಡಕ್ಕೆ ಬರೆದು ಅಭ್ಯಾಸವಾದ ಕೈ, ಅದಕ್ಕೇ ಇರಬೇಕು ಎಂದುಕೊಂಡೆ. ಆತ ಹೋದ ಮೇಲೆ ಹೇಳಿದರು: "ಬಾಯಿ ಮುಚ್ಕೋ, ನೊಣ ಹೋಗುತ್ತೆ. ಚಳಿಗಾಲದಲ್ಲಿ ನೊಣ ಸಿಗೋದೇ ಅಪರೂಪ."

ನೆಲ ಒಣಗಿಸಲು ಒಂದು ಯಂತ್ರ ತಂದಿಟ್ಟರು. ಹಬ್ಬದ ಉಳಿದ ಸಂಜೆಗಳೆಲ್ಲ ಅದು ಹಜಾರದಲ್ಲಿ ಮಿಕ್ಸಿಯ ಹಾಗೆ ಗುರುಗುಟ್ಟುತ್ತಿರಲು ಆಕೆ ಕಿಟಕಿಯಲ್ಲಿ ದೀಪ ಹಚ್ಚಿದರು, ದಿನಕ್ಕೊಂದು ಹೆಚ್ಚು. ಫೆಬ್ರವರಿಯಲ್ಲಿ ನನ್ನ ಪರ್ಮಿಟ್ ಬಂತು. ಕಾಗದ ಎತ್ತಿಕೊಂಡದ್ದು ಆಕೆ; ಓದದೆ ನನ್ನ ತಟ್ಟೆಯ ಕೆಳಗಿಟ್ಟು, ಸೂಪು ಬಡಿಸಿ ಕಾಯುತ್ತ ಕೂತಿದ್ದರು.

ಈಗ ಆಕೆ ಹೈಫಾದಲ್ಲಿದ್ದಾರೆ. ಕಳೆದ ವರ್ಷ ಮೇಲ್ ಬರೆದು ನೇರವಾಗಿಯೇ ಕೇಳಿದೆ: ಎರಡನೆಯ ಬಕೆಟ್ ಯಾರು ಸುರಿದದ್ದು? ಉತ್ತರ ಒಂದೇ ಸಾಲು: "ಫಾರ್ಮಿನಲ್ಲಿ ಬರೆದಿದೆ, ನಾನು. ನಿನಗೆ ಪುರಾವೆ ತಾನೇ ಬೇಕು?"

ಆಮೇಲೆ ನನ್ನ ಹಳೆಯ ಡಬ್ಬ ತೆಗೆದು ಹುಡುಕಿದೆ. ಬೆಂಗಳೂರಿನ ಗೆಳೆಯ ತೆಗೆದ ಒಂದು ಫೋಟೊ ಸಿಕ್ಕಿತು. ಕಿಟಕಿಯಲ್ಲಿ ದೀಪಗಳು, ಹಿಂದೆ ಒಣಗಿಸುವ ಯಂತ್ರ. ಆಕೆ ಎಡಗೈಯಲ್ಲಿ ದೀಪ ಹಚ್ಚುತ್ತಿದ್ದಾರೆ. ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದೆ. ಪ್ಲಾಸ್ಟರಿನ ಮೇಲೆ ‘ಬೇಗ ಗುಣವಾಗಲಿ’ ಎಂದು ಕನ್ನಡದಲ್ಲಿ ನಾನೇ ಬರೆದದ್ದು, ಕೆಳಗೆ ನನ್ನ ರೂಢಿಯಂತೆ ತಾರೀಖು. ಆ ವರ್ಷದ ಕ್ಯಾಲೆಂಡರಿನಲ್ಲಿ ಅವರ ದೀಪದ ಹಬ್ಬದ ವಾರ ಹುಡುಕಿ ತಾಳೆ ನೋಡಿದೆ. ನೀರು ಸುರಿದ ಶುಕ್ರವಾರಕ್ಕೆ ಅದು ಒಂಬತ್ತು ದಿನ ಹಿಂದಿನದು.