ಕಾಗಿಣಾ ದಂಡೆಯಲ್ಲಿ ಹಕ್ಕಿ ಕೂಗದ ಬೆಳಗು

ಬೆಳಗಿನ ಆರು ಗಂಟೆ. ದಂಡೋತಿಯ ಮಜೀದಸಾಬ ಕಾಗಿಣಾ ಹೊಳೆಯ ದಂಡೆಗುಂಟ ನಿಧಾನವಾಗಿ ನಡೆಯುತ್ತಿದ್ದಾರೆ. ಹೆಗಲ ಚೀಲದಲ್ಲಿ ನೀರಿನ ಮಟ್ಟ ಬರೆಯುವ ರಿಜಿಸ್ಟರು. ಟಿಟ್ಟಿಭವೊಂದು ಚೀರುತ್ತ ತಲೆಯ ಮೇಲೆ ಸುತ್ತುತ್ತದೆ. "ಗೂಡು ಸಮೀಪ ಅದ, ಅದಕ್ಕ ನನ್ನ ಬೈಲಿಕತ್ತದ" ಎನ್ನುತ್ತ ದಾರಿ ಬಿಟ್ಟು ಸರಿಯುತ್ತಾರೆ. ಮುಂದೆ ಜಾಲಿಯ ಟೊಂಗೆಯಲ್ಲಿ ಬೆಳ್ಳಕ್ಕಿಯೊಂದು ಅಲುಗದೆ ಕುಳಿತಿದೆ. ಅದು ಕತ್ತು ಹೊರಳಿಸುವವರೆಗೆ ಮಜೀದಸಾಬರು ಹೆಜ್ಜೆ ಎತ್ತುವುದಿಲ್ಲ. "ಎರಡು ವರ್ಷಾತ್ರಿ. ಸುಮ್ಮ ಕುಂತ ಹಕ್ಕಿ ಕಂಡ್ರ ಇನ್ನಾ ಎದಿ ಝಲ್ ಅಂತದ."

ಐವತ್ತೆರಡರ ಮಜೀದಸಾಬರಿಗೆ ಈ ಕೆಲಸದಲ್ಲಿ ಹದಿನೇಳು ವರ್ಷ. ಊರಿಂದ ಮೂರು ಕಿಲೋಮೀಟರ್ ಮೇಲಕ್ಕೆ ಹೊಳೆಯಲ್ಲಿ ನೆಟ್ಟ ಅಳತೆಪಟ್ಟಿ ನೋಡಿ ಬರೆದುಕೊಳ್ಳಬೇಕು, ವಾರಕ್ಕೊಮ್ಮೆ ಚಿತ್ತಾಪುರದ ಕಚೇರಿಗೆ ಮುಟ್ಟಿಸಬೇಕು. ಬೆಳಿಗ್ಗೆ ಸಂಜೆ ಸೇರಿ ದಿನಕ್ಕೆ ಹನ್ನೆರಡು ಕಿಲೋಮೀಟರ್. ಒಮ್ಮೆ ಹಾವು ಕಚ್ಚಿದೆ, ಎರಡು ಸಲ ಪ್ರವಾಹದಲ್ಲಿ ಜಾಲಿಮರವೇರಿ ಕುಳಿತಿದ್ದಾರೆ. ಹಕ್ಕಿ ನೋಡುವ ಚಟ ಹತ್ತಿದ್ದು ಈ ಒಂಟಿ ನಡಿಗೆಯಲ್ಲೇ. "ಮಾತಾಡ್ಲಿಕ್ಕ ಯಾರಿರ್ತಾರ್ರಿ? ಇವೇ ಜೋಡಿ."

೧೯೭೭ರ ಬೇಸಿಗೆ. ಹೊಳೆ ಬತ್ತಿ ಅಲ್ಲಲ್ಲಿ ಮಡು ಉಳಿದಿತ್ತು. ಒಂದು ಬೆಳಿಗ್ಗೆ ಮಜೀದಸಾಬರು ದಂಡೆಗಿಳಿದಾಗ ಒಂದೂ ಹಕ್ಕಿ ಕೂಗಲಿಲ್ಲ. ಸ್ವಲ್ಪ ಮುಂದೆ ರೆಕ್ಕೆ ಹರಡಿಕೊಂಡು ಒಂದು ಬೆಳ್ಳಕ್ಕಿ ಬಿದ್ದಿತ್ತು. ನಾಯಿ ಕಚ್ಚಿರಬೇಕು ಅಂದುಕೊಂಡರು. ಹತ್ತು ಹೆಜ್ಜೆಗೆ ಇನ್ನೆರಡು. ತಿರುವು ದಾಟಿದರೆ ಮಡುವಿನ ತುಂಬ ಹೊಟ್ಟೆ ಮೇಲಾಗಿ ತೇಲುವ ಮೀನು, ದಂಡೆಯುದ್ದಕ್ಕೂ ಸತ್ತ ಹಕ್ಕಿ. ನಲವತ್ತರವರೆಗೆ ಎಣಿಸಿದರು, ಮುಂದೆ ಆಗಲಿಲ್ಲ. ಕಾಲ ಬುಡದಲ್ಲಿದ್ದ ಮಿಂಚುಳ್ಳಿಯನ್ನು ಎತ್ತಿಕೊಂಡರು. ಮೈ ಇನ್ನೂ ಬೆಚ್ಚಗಿತ್ತು, ಕೊಕ್ಕಿನಲ್ಲಿ ಅರ್ಧ ನುಂಗಿದ ಮೀನು.

"ಕೂತೇ ಬಿಟ್ಟೆರಿ. ಆಮ್ಯಾಲ ತಲಿಗಿ ಹೊಳೀತು, ಹೆಣ್ಮಕ್ಕಳು ನೀರಿಗಿ ಬರೋ ಹೊತ್ತು ಇದು."

ಓಡಿದರು. ಊರ ಮುಂದಿನ ಮೆಟ್ಟಿಲಲ್ಲಿ ಗುರುದೇವಿ ತುಂಬಿದ ತಾಮ್ರದ ಕೊಡ ಹೊತ್ತು ಮೇಲೇರುತ್ತಿದ್ದರು. ಮಜೀದಸಾಬರು ನೇರ ಅವರತ್ತ ನುಗ್ಗಿದರು. ಕೈ ಬೀಸಿ ಕೊಡವನ್ನೇ ಕೆಡವಿದರು. ಹೆಂಗಸರು ಕಂಗಾಲಾಗಿ ನಿಂತರು. ಗುರುದೇವಿಯ ಗಂಡ ಸೂಗಪ್ಪ ಓಡಿ ಬಂದು ಕೊರಳಪಟ್ಟಿ ಹಿಡಿದ.

"ನಮ್ಮ ಹೆಣ್ಮಗಳ ಕೊಡಕ್ಕ ಕೈ ಹಾಕ್ತೀ? ತಲಿ ಕೆಟ್ಟದೇನು ನಿಂದು?"

ಮಜೀದಸಾಬರು ಅಂಗಿಯ ಜೇಬಿನಿಂದ ಮಿಂಚುಳ್ಳಿಯನ್ನು ತೆಗೆದು ಸೂಗಪ್ಪನ ಅಂಗೈಯಲ್ಲಿಟ್ಟರು. "ಹೊಳಿಗಿ ವಿಷ ಬಿದ್ದದ" ಎಂದರು. ಸೂಗಪ್ಪನ ಕೈ ಸಡಿಲಾಯಿತು. ಆಮೇಲೆ ಅವನೇ ಬಡಿಗೆ ಹಿಡಿದು ಮೆಟ್ಟಿಲ ಮೇಲೆ ಕಾವಲು ನಿಂತ. ಮಧ್ಯಾಹ್ನ, ಮಡುವಿನಲ್ಲಿ ನೀರು ಕುಡಿದಿದ್ದ ನಾಮದೇವನ ಎಮ್ಮೆ ನೊರೆ ಕಾರಿ ಸತ್ತಿತು. ಡಂಗುರ ಹೊಡೆಸಿದರು. ಎಂಟು ದಿನ ಊರೆಲ್ಲ ಮಡಿವಾಳಯ್ಯನವರ ತೋಟದ ಬಾವಿ ನೀರು ಕುಡಿಯಿತು.

ಮೀನಿನಾಸೆಗೆ ಯಾರೋ ಹತ್ತಿಗೆ ಹೊಡೆಯುವ ವಿಷವನ್ನು ಮಡುವಿಗೆ ಸುರಿದಿದ್ದರು. ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. "ಎರಡು ದಿನ ರೊಟ್ಟಿ ಮುಟ್ಟಲಿಲ್ಲ, ಬರೇ ಕೈ ತೊಳೀತಿದ್ರು" ಎಂದು ಹೆಂಡತಿ ಮಾಸುಮಬಿ ನೆನೆಯುತ್ತಾರೆ.

ಆ ವರ್ಷದ ಮಳೆಗೆ ಹೊಳೆ ತೊಳೆದುಕೊಂಡಿತು, ಹಕ್ಕಿಗಳೂ ಒಂದೊಂದಾಗಿ ಮರಳಿದವು. ಈ ಕೆಲಸ ಬಿಡುವ ದಿನಕ್ಕೆ ಮಜೀದಸಾಬರದು ಒಂದೇ ಬೇಡಿಕೆ. "ಸಾಹೇಬ್ರಿಗಿ ಹೇಳೀನ್ರಿ. ನನ್ನ ಜಾಗಾಕ್ಕ ಯಾರನ್ನರೆ ಕಳಸ್ರಿ, ಅವ್ರು ಸೈಕಲ್ ಮ್ಯಾಲ ಬರಬಾರ್ದು. ಹಕ್ಕಿ ಕೂಗೋದು ಕೇಳ್ಕೋತ, ನಡಕೋತ ಬರಬೇಕು."