ಮೂರಿಂಚು ತಗ್ಗಿಸಿದ ಗಾಡಿ

ಗಾಡಿಯ ಎತ್ತರ ಕಡಿಮೆ ಮಾಡಿಕೊಡಿ ಎಂದು ಯಾರಾದರೂ ಕೇಳಿದರು ಅಂದರೆ ನಮ್ಮ ಶಿಡ್ಲಘಟ್ಟದಲ್ಲಿ ನಂಬುವವರಿಲ್ಲ. ಇಲ್ಲಿ ಎಲ್ಲರೂ ಕೇಳುವುದು ಎತ್ತರಿಸಿಕೊಡಿ ಎಂದೇ. ಕಂಪನಿಯವರು ಒಂದೂವರೆ ಟನ್ನು ಎಂದು ಬರೆದುಕೊಟ್ಟ ಪಿಕಪ್ಪಿಗೆ ಮೂರು ಟನ್ನು ಟೊಮೆಟೊ ಹೇರಿ ಚಿಂತಾಮಣಿ ಮಾರ್ಕೆಟ್ಟಿಗೆ ಹೊರಡುವ ಜನ ನಾವು. ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿಗಳಿವೆಯಲ್ಲ, ಅವಕ್ಕೆ ಬ್ಲೇಡು ಅನ್ನುತ್ತೇವೆ. ಹೊಸ ಗಾಡಿ ಷೋರೂಮಿನಿಂದ ಹೊರಬಿದ್ದರೆ ಪೂಜೆಗೂ ಮೊದಲು ವೆಂಕಟರವಣಪ್ಪನವರ ಶೆಡ್ಡಿಗೆ ಬಂದು ಎರಡು ಬ್ಲೇಡು ಜಾಸ್ತಿ ಹಾಕಿಸಿಕೊಳ್ಳುತ್ತದೆ. ನಿಂಬೆಹಣ್ಣು ತುಳಿಯುವುದು ಆಮೇಲೆ.

ಆ ಶೆಡ್ಡಿನ ಪಕ್ಕದ ಅಂಗಡಿ ನನ್ನದು. ಗಾಡಿಗಳ ಸೀಟು ಹೊಲಿಯುತ್ತೇನೆ, ಹೆಸರು ಮುರಳಿಮೋಹನ್. ನಮ್ಮಿಬ್ಬರ ನಡುವೆ ಹತ್ತೊಂಬತ್ತು ವರ್ಷದಿಂದ ಒಂದು ತಗಡಿನ ಗೋಡೆ ಮಾತ್ರ ಇದೆ. ಅವರು ಕೆಮ್ಮಿದರೆ ನನಗೆ ಕೇಳುತ್ತದೆ, ನಾನು ಹೆಂಡತಿಯ ಹತ್ತಿರ ಬೈಸಿಕೊಂಡರೆ ಅವರಿಗೆ ಕೇಳುತ್ತದೆ. ವೆಂಕಟರವಣಪ್ಪನವರ ವಯಸ್ಸು ಅರವತ್ತಕ್ಕೆ ಎರಡು ಕಡಿಮೆ. ನಲವತ್ತು ವರ್ಷದಿಂದ ಇದೊಂದೇ ಕೆಲಸ. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಸರ್ಕಾರಿ ನೌಕರಿಗೆ ಸೇರಿಸಿದ್ದು ಅವರ ಸುತ್ತಿಗೆಯೇ. ಶೆಡ್ಡಿನಲ್ಲಿ ಬುದ್ಧನ ಚಿತ್ರದ ಕ್ಯಾಲೆಂಡರ್ ಒಂದು ಬಿಟ್ಟರೆ ಬೇರೆ ಅಲಂಕಾರವಿಲ್ಲ. ಬ್ಲೇಡಿಗೆ ಸುತ್ತಿಗೆ ತಟ್ಟಿ, ಕಿವಿ ಇಟ್ಟು, ಬಿರುಕು ಎಲ್ಲಿದೆ ಎಂದು ಹೇಳುತ್ತಾರೆ. ನಟ್ಟು ಬಿಗಿ ಮಾಡಿ, ಕೈ ತೊಳೆದು, ಒಂದು ಟೀ ಕುಡಿದು ಬಂದು ಮತ್ತೊಮ್ಮೆ ಬಿಗಿ ಮಾಡುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ, "ಅವಸರದಲ್ಲಿ ಬಿಗಿ ಮಾಡಿದ ನಟ್ಟು ಸುಳ್ಳು ಹೇಳ್ತದೆ ಕಣಪ್ಪ" ಅಂದಿದ್ದರು. ಅಂಥ ಮನುಷ್ಯ.

ಹೋದ ವರ್ಷ ಆಷಾಢ ಕಳೆದ ಮೇಲೆ ಒಂದು ಬೆಳಿಗ್ಗೆ ಭಾನುಪ್ರಿಯಾ ಬಂದಳು. ಊರಾಚೆ ಮೂರು ಮೈಲಿ ದೂರದಲ್ಲಿ ಅವಳ ಚಾಕಿ ಕೇಂದ್ರ. ಮೊಟ್ಟೆಯಿಂದ ಆಗತಾನೇ ಎದ್ದ ರೇಷ್ಮೆ ಹುಳುವನ್ನು ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವುದು, ಕಳೆಯುವವರೆಗೆ ಎಳೆ ಸೊಪ್ಪು ಕೊಟ್ಟು ಸಾಕಿ, ಟ್ರೇಗಳಲ್ಲಿಟ್ಟು ರೈತರ ಮನೆಗೆ ಮುಟ್ಟಿಸುವ ಕೆಲಸ. ಅವಳಪ್ಪ ಮುನಿವೆಂಕಟಪ್ಪ ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ಇವಳೇ ನೋಡಿಕೊಳ್ಳುತ್ತಿದ್ದಳು. ಡ್ರೈವರ್ ಬಿಟ್ಟುಹೋಗಿದ್ದ. ಹೊಸಬ ಸಿಕ್ಕಿರಲಿಲ್ಲ. ಸಿಕ್ಕ ಒಬ್ಬಿಬ್ಬರು ಬೆಳಗಿನ ಜಾವ ಬರುವುದಿಲ್ಲ ಅಂದಿದ್ದರು. ಹುಳು ಬಿಸಿಲು ಏರುವ ಮೊದಲು ರೈತರ ಮನೆ ಸೇರಬೇಕು, ಇಲ್ಲದಿದ್ದರೆ ಟ್ರೇಯಲ್ಲೇ ಬಾಡುತ್ತದೆ. ಅವಳಣ್ಣ ಚೆನ್ನರಾಯಪ್ಪ, ಗಾಡಿ ಮಾರಿ ಕೇಂದ್ರಕ್ಕೆ ಬೀಗ ಹಾಕಿ ನಮ್ಮನೇಲಿ ಬಂದು ಇರು ಎಂದು ಕೂತಿದ್ದ. ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಬದುಕು ಸವೆಸಲು ಅವಳಿಗೆ ಮನಸ್ಸಿರಲಿಲ್ಲ. ಗಾಡಿಯನ್ನು ತಾನೇ ಓಡಿಸುತ್ತೇನೆ ಎಂದು ಹಟ ಹಿಡಿದು ಲೈಸೆನ್ಸೂ ಮಾಡಿಸಿಕೊಂಡಿದ್ದಳು.

"ಅಣ್ಣ, ಗಾಡಿ ಹೈಟು ಕಮ್ಮಿ ಮಾಡ್ಕೊಡ್ತೀರಾ?" ಅಂದಳು.

ವೆಂಕಟರವಣಪ್ಪನವರು ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಸುಮ್ಮನಿರುವ ಜಾತಿಯವನಲ್ಲ, ಗೋಡೆಯ ಈಚೆಯಿಂದಲೇ ನಕ್ಕೆ. "ಏನಮ್ಮ, ಬೆಂಗಳೂರು ಹುಡುಗ್ರ ಥರ ಶೋಕಿ ಬಂತಾ?"

ಅವಳು ಪಿಕಪ್ಪಿನ ಬಾಗಿಲು ತೆಗೆದು ಹತ್ತಲು ಹೋದಳು. ಏಳು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಬಲ ಸೊಂಟದ ಮೂಳೆಗೆ ಪ್ಲೇಟು ಹಾಕಿಸಿಕೊಂಡವಳು. ಪೆಡಲು ಒತ್ತಲು ಕಾಲಿನಲ್ಲಿ ಬಲವಿದೆ, ಮೇಲೆತ್ತಲು ಆಗುವುದಿಲ್ಲ. ಸ್ಟೇರಿಂಗು ಹಿಡಿದು ತೋಳಿನಿಂದಲೇ ಮೈ ಎಳೆದುಕೊಂಡಳು, ಅರ್ಧಕ್ಕೆ ಜಾರಿದಳು, ಮತ್ತೆ ಎಳೆದುಕೊಂಡಳು. ಹಣೆಯ ಮೇಲೆ ಬೆವರು ಕಿತ್ತುಕೊಂಡು ಬಂತು. ನನಗೆ ನಾಲಿಗೆ ಕಚ್ಚಿಕೊಳ್ಳಬೇಕು ಅನಿಸಿತು.

ಫೋನಿನಲ್ಲಿ ಅವಳು ಲೋವರಿಂಗ್ ಕಿಟ್ಟುಗಳ ಚಿತ್ರ ತೋರಿಸಿದಳು. ಒಂದು ಆರಿಂಚು ಇಳಿಸುವಂಥದ್ದು, ಒಂದು ನಾಲ್ಕಿಂಚು, ಒಂದು ಮೂರಿಂಚು. ಕಾಲಿನ ಕಷ್ಟಕ್ಕೆ ಅವಳಿಗೆ ಆರಿಂಚಿನದೇ ಬೇಕಿತ್ತು.

"ಆರಿಂಚು ಇಳಿಸಿದ್ರೆ ನಿಮ್ಮೂರ ರೋಡ್ ಹಂಪಿನ ಮೇಲೆ ಗಾಡಿ ಆಮೆ ಥರ ಹೊಟ್ಟೆ ಊರಿ ಕೂತ್ಕೊಳ್ತದೆ ಕಣಮ್ಮ" ಅಂದರು ವೆಂಕಟರವಣಪ್ಪ.

"ಗ್ಯಾಸ್ ಬೆಂಕಿ ತೋರಿಸಿ ಬ್ಲೇಡು ಬಗ್ಗಿಸ್ಕೊಡ್ತಾರಂತೆ, ಬೇಗ ಆಗುತ್ತಂತೆ."

"ಬೆಂಕಿ ತೋರಿಸಿದ ಬ್ಲೇಡು ಸುಟ್ಟ ಹಪ್ಪಳ ಕಣಮ್ಮ. ಯಾವತ್ತು ಮುರೀತದೆ ಅಂತ ಅದಕ್ಕೇ ಗೊತ್ತಿರಲ್ಲ."

ಆಮೇಲೆ ಅವರು ಮಾಡಿದ್ದನ್ನು ನೋಡಿ ನಾನು ದಂಗಾದೆ. ನನ್ನ ಅಂಗಡಿಯಿಂದ ಸೀಟಿನ ಹಲಗೆಗಳನ್ನು ತರಿಸಿ ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಅವಳಿಂದ ಕಾಲಿಡಿಸಿದರು. ಒಂದು ಹಲಗೆ ತೆಗೆದರು, ಇನ್ನೊಂದು ತೆಗೆದರು. ನೋವಿಲ್ಲದೆ ಎಷ್ಟು ಎತ್ತರಕ್ಕೆ ಕಾಲು ಬರುತ್ತದೋ ಅಲ್ಲಿಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕಿದರು. ಮಾರನೇ ದಿನ ಟೇಪು ಹಿಡಿದು ಮೊಪೆಡ್ಡಿನಲ್ಲಿ ಹೊರಟು ಶಿಡ್ಲಘಟ್ಟದಿಂದ ಕೆಂಚಾರ್ಲಹಳ್ಳಿಯವರೆಗೆ ಇದ್ದ ಹಂಪುಗಳನ್ನೆಲ್ಲ ಅಳೆದು ಬಂದರು. ಊರವರು ಕಲ್ಲು ಮಣ್ಣು ಸುರಿದು ತಾವೇ ಕಟ್ಟಿಕೊಂಡ ಹಂಪುಗಳನ್ನೂ ಬಿಡಲಿಲ್ಲ. ಮೂರಿಂಚು ಇಳಿಸಿ, ಬಾಗಿಲಿನ ಕೆಳಗೊಂದು ಮೆಟ್ಟಿಲು ಕೂರಿಸಿದರೆ ಗೀಟಿಗೆ ಸರಿಹೋಗುತ್ತದೆ, ಹಂಪೂ ದಾಟುತ್ತದೆ ಎಂದು ತೀರ್ಮಾನಿಸಿದರು.

ಮೂರಿಂಚಿನ ಕಿಟ್ಟು ಕೊಯಮತ್ತೂರಿನಿಂದ ಬಂತು. ಬ್ಲೇಡಿನ ತುದಿಗೆ ಹಾಕುವ ಉದ್ದನೆಯ ಕೊಂಡಿಗಳು, ಗಿಡ್ಡ ಶಾಕ್ಸು, ರಬ್ಬರು, ಬೋಲ್ಟು. ಮೂರು ದಿನ ಕೆಲಸ ನಡೆಯಿತು. ಹಿಂದೆ ಕೊಂಡಿ ಬದಲಾಯಿಸಿದರು, ಮುಂದೆ ಭಾರ ಹೊರುವ ಕಂಬಿಗಳನ್ನು ಸಡಿಲಿಸಿ ಎರಡು ಕಡೆಯೂ ಸಮ ಬರುವವರೆಗೆ ಅಳೆದರು. ನಟ್ಟು ಬಿಗಿ ಮಾಡಿದರು, ಟೀ ಕುಡಿದರು, ಮತ್ತೆ ಬಿಗಿ ಮಾಡಿದರು. ನಾಲ್ಕನೇ ದಿನ ಭಾನುಪ್ರಿಯಾ ಬಂದು ಮೆಟ್ಟಿಲ ಮೇಲೆ ಕಾಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತಳು. ಕೂತವಳು ಸ್ಟೇರಿಂಗಿನ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಏಳಲೇ ಇಲ್ಲ. ವೆಂಕಟರವಣಪ್ಪ ಮುಖ ಆಚೆ ತಿರುಗಿಸಿ ಸುಮ್ಮನೆ ಸ್ಪ್ಯಾನರು ಒರೆಸುತ್ತಿದ್ದರು.

ಹದಿನೇಳು ದಿನ ಅವಳು ಗಾಡಿ ಓಡಿಸಿದಳು. ಬೆಳಗಿನ ಜಾವ ಹುಳು ಕೊಟ್ಟು ಖಾಲಿ ಟ್ರೇ ಹೇರಿಕೊಂಡು ವಾಪಸು ಬರುತ್ತಾ ನಮ್ಮ ಅಂಗಡಿಯ ಮುಂದೆ ಹಾರ್ನು ಹಾಕಿ ಹೋಗುತ್ತಿದ್ದಳು. ಹದಿನೆಂಟನೇ ದಿನ ಹಾರ್ನು ಕೇಳಲಿಲ್ಲ. ಹತ್ತು ಗಂಟೆಗೆ ಟ್ರಾಕ್ಟರೊಂದು ಆ ಪಿಕಪ್ಪನ್ನು ಎಳೆದುಕೊಂಡು ಬಂತು. ಮುಂಭಾಗ ಜಜ್ಜಿಹೋಗಿತ್ತು, ಒಂದು ಹೆಡ್‌ಲೈಟು ಒಡೆದಿತ್ತು, ಗಾಜು ಬಿರುಕು ಬಿಟ್ಟಿತ್ತು. ಹಿಂದೆಯೇ ಚೆನ್ನರಾಯಪ್ಪನ ಕಾರು. ಅದರಿಂದ ಹಣೆಗೆ ಬ್ಯಾಂಡೇಜು ಸುತ್ತಿಕೊಂಡ ಭಾನುಪ್ರಿಯಾ ಇಳಿದಳು. ಜೀವಂತ ಇದ್ದಾಳೆ ಎಂದು ಕಣ್ಣಾರೆ ನೋಡಿದ ಮೇಲೆಯೇ ನಾನು ಉಸಿರು ಬಿಟ್ಟಿದ್ದು. ಅವಳ ತಾಯಿ ಚಿಕ್ಕವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕದಲ್ಲಿ ನಿಂತರು.

ನಡೆದದ್ದು ಇಷ್ಟು. ಜಿಟಿಜಿಟಿ ಮಳೆ, ಖಾಲಿ ಗಾಡಿ. ಕೆಂಚಾರ್ಲಹಳ್ಳಿಯ ತಿರುವಿನಲ್ಲಿ ಕರುವೊಂದು ಅಡ್ಡ ಬಂತು. ಅವಳು ಬ್ರೇಕು ಒತ್ತಿದಳು. ಗಾಡಿ ನಿಲ್ಲುವ ಬದಲು ಹಿಂಭಾಗ ಗಿರ್ರನೆ ತಿರುಗಿ, ಮೂತಿ ಮೋರಿಯ ಕಲ್ಲಿಗೆ ಬಡಿದು, ಬಂದ ದಾರಿಗೇ ಮುಖ ಮಾಡಿ ನಿಂತಿತು.

"ಬಡ್ಕೊಂಡೆ ನಾನು," ಎಂದ ಚೆನ್ನರಾಯಪ್ಪ, ಸೇರಿದವರಿಗೆಲ್ಲ ಕೇಳುವ ಹಾಗೆ. "ಹೆಣ್ಣು, ಅದ್ರಲ್ಲೂ ಕಾಲು ಹಿಂಗಿರೋಳು. ಸತ್ತಿದ್ರೆ ಏನ್ ಗತಿ? ಸಾಕು. ಸಂಜೆ ಗೌರಿಬಿದನೂರಿಂದ ಪಾರ್ಟಿ ಬರ್ತಾವ್ರೆ, ಗಾಡಿ ಕೊಟ್ಬಿಡ್ತೀನಿ. ಕೇಂದ್ರಾನೂ ಮುಚ್ಚಿದ್ದಾಯ್ತು."

"ನಾನು ಯಾವಾಗ್ಲೂ ಒತ್ತೋ ಅಷ್ಟೇ ಒತ್ತಿದ್ದು ಅಣ್ಣ," ಎಂದಳು ಅವಳು.

"ಹೆದರಿಕೇಲಿ ಜೋರಾಗಿ ಒತ್ತಿರ್ತೀಯಮ್ಮ, ಗೊತ್ತಾಗಲ್ಲ," ಅಂದೆ ನಾನು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು. ಅವಳು ನನ್ನನ್ನು ನೋಡಿ, ತನ್ನ ಕಾಲು ನೋಡಿಕೊಂಡಳು. ನಿಜವಾಗಿಯೂ ಹಾಗೇ ಇರಬಹುದೇನೋ ಎಂದು ಅವಳು ನಂಬತೊಡಗಿದ್ದಳು.

ವೆಂಕಟರವಣಪ್ಪ ಟಾರ್ಚು ಹಿಡಿದು ಗಾಡಿಯ ಕೆಳಗೆ ನುಸುಳಿದ್ದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕಾಲುಗಳು ಮಾತ್ರ ಕಾಣುತ್ತಿದ್ದವು, ಅಲುಗಾಡುತ್ತಿರಲಿಲ್ಲ. ನನಗೆ ಗಾಬರಿಯಾಗಿ ಬಗ್ಗಿ ನೋಡಿದೆ. ಟಾರ್ಚಿನ ಬೆಳಕಿನಲ್ಲಿ ಒಂದು ಗೇಣುದ್ದದ ಕಟ್ಟುತಂತಿಯನ್ನು ಹಿಡಿದು ಮಲಗಿದ್ದರು.

"ನಾನೇ ಕಣೋ ಮುರಳಿ," ಅಂದರು ಮೆಲ್ಲಗೆ.

ಏನು ಎಂದು ನನಗೆ ಅರ್ಥವಾಯಿತು. ಹತ್ತೊಂಬತ್ತು ವರ್ಷ ಆ ಕೆಲಸ ನೋಡಿದವನು ನಾನು. ಹಿಂದಿನ ಚಕ್ರದ ಹತ್ತಿರ ಒಂದು ಸಣ್ಣ ಸರಳಿರುತ್ತದೆ. ಗಾಡಿ ಭಾರಕ್ಕೆ ಕೆಳಗಿಳಿದರೆ ಆ ಸರಳು ಹಿಂದಿನ ಬ್ರೇಕಿಗೆ ಜೋರು ಕೊಡುತ್ತದೆ, ಖಾಲಿಯಾಗಿ ಮೇಲೆದ್ದರೆ ಜೋರು ತಗ್ಗಿಸುತ್ತದೆ. ನಮ್ಮ ಕಡೆ ಬ್ಲೇಡು ಏರಿಸಿದ ಗಾಡಿ ತುಂಬಿದರೂ ಕೆಳಗಿಳಿಯದ ಕಾರಣ, ಬ್ರೇಕು ಸಾಲದೆ ಹೋಗುತ್ತದೆ. ಅದಕ್ಕೆ ಇಲ್ಲಿನ ಮೆಕ್ಯಾನಿಕ್‌ಗಳೆಲ್ಲ ಆ ಸರಳನ್ನು ತಂತಿ ಹಾಕಿ ಕಟ್ಟಿಬಿಡುತ್ತಾರೆ, ಯಾವಾಗಲೂ ಪೂರಾ ಜೋರು ಸಿಗಲಿ ಎಂದು. ನಲವತ್ತು ವರ್ಷದಿಂದ ಸಾವಿರಾರು ಗಾಡಿಗೆ ಕಟ್ಟಿದ ಕೈ, ತಗ್ಗಿಸಿದ ಈ ಗಾಡಿಗೂ ಕಟ್ಟಿತ್ತು. ಹಂಪುಗಳನ್ನೆಲ್ಲ ಅಳೆದ ಮನುಷ್ಯ ಇದನ್ನು ಯೋಚಿಸಿಯೇ ಇರಲಿಲ್ಲ. ಖಾಲಿ ಗಾಡಿಗೆ ಮೂರು ಟನ್ನಿನ ಬ್ರೇಕು ಬಿದ್ದಿತ್ತು. ಒದ್ದೆ ರಸ್ತೆಯಲ್ಲಿ ತಿರುಗದೆ ಇನ್ನೇನು ಮಾಡೀತು?

ನಾನು ಇನ್ನಷ್ಟು ಬಗ್ಗಿ ಪಿಸುಗುಟ್ಟಿದೆ. "ಸುಮ್ನಿರಣ್ಣ. ತಂತಿ ಜೇಬಿಗೆ ಹಾಕ್ಕೊ. ಯಾರಿಗೂ ಗೊತ್ತಾಗಲ್ಲ. ನಲವತ್ತು ವರ್ಷದ ಹೆಸರು."

ಹೌದು, ಹಾಗೆ ಹೇಳಿದವನು ನಾನೇ. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. ತಂತಿಯನ್ನು ಜೇಬಿಗೆ ಹಾಕಿಕೊಂಡರು ಸಹ. ಹೊರಗೆ ಬಂದು, ಎದ್ದು ನಿಂತು, ಬೆನ್ನಿನ ಮಣ್ಣು ಕೊಡವಿದರು. ಬದುಕಿದೆಯಾ ಬಡಜೀವ ಅಂದುಕೊಂಡೆ. ಅಷ್ಟರಲ್ಲಿ ಜೇಬಿಗೆ ಕೈ ಹಾಕಿ ತಂತಿ ತೆಗೆದು ಬಾನೆಟ್ಟಿನ ಮೇಲೆ ಇಟ್ಟರು.

"ಚೆನ್ನರಾಯಪ್ಪನೋರೇ, ತಪ್ಪು ನಂದು. ಬ್ರೇಕಿನ ಸರಳು ಕಟ್ಟಬಾರದಿತ್ತು, ಕಟ್ಟಿದ್ದೀನಿ. ಇದರಲ್ಲಿ ನೀವು ಓಡಿಸಿದ್ರೂ ತಿರುಗ್ತಿತ್ತು, ನಾನು ಓಡಿಸಿದ್ರೂ ತಿರುಗ್ತಿತ್ತು. ಆ ಮಗು ಕಾಲಲ್ಲಿ ಏನೂ ತಪ್ಪಿಲ್ಲ."

ನಮ್ಮ ರಸ್ತೆಯಲ್ಲಿ ಮೆಕ್ಯಾನಿಕ್ ಒಬ್ಬ ತನ್ನ ಬಾಯಿಂದಲೇ ತಪ್ಪು ಒಪ್ಪಿಕೊಂಡದ್ದನ್ನು ಯಾರೂ ಕೇಳಿದವರಲ್ಲ. ಚೆನ್ನರಾಯಪ್ಪನ ಮುಖ ಕೆಂಪಾಯಿತು.

"ಏನೋ ವೆಂಕಟರವಣ, ಕೊಲೆ ಮಾಡಕ್ಕೆ ಹೊರಟಿದ್ದೇನೋ? ನಿನ್ನಂಥೋನ ಕೈಗೆ ಗಾಡಿ ಕೊಟ್ಟೋರಿಗೆ ಹೊಡೀಬೇಕು!" ಇನ್ನೂ ಕೆಟ್ಟದ್ದನ್ನು ಅಂದ. ತನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ಆ ಮಾತು ಆಡಬಾರದು, ಇಲ್ಲಿ ಬರೆಯಲೂ ಬಾರದು. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು.

ಮುಗಿದ ಮೇಲೆ ಭಾನುಪ್ರಿಯಾ ಕೇಳಿದಳು, "ಅಣ್ಣ, ಸರಿ ಮಾಡಕ್ಕಾಗುತ್ತಾ?"

"ತಂತಿ ಬಿಚ್ಚಿದ್ರೆ ಸಾಲ್ದು, ಗಾಡಿ ಇಳಿದಿರೋ ಲೆಕ್ಕಕ್ಕೆ ಸರಳಿನ ಹಿಡಿಯನ್ನೂ ಮೂರಿಂಚು ಕೆಳಗೆ ಕೂರಿಸ್ಬೇಕಮ್ಮ. ಒಂದು ಗಂಟೆ."

"ಮಾಡಿ. ನಾಳೆ ಬೆಳಿಗ್ಗೆ ಹುಳ ಇದೆ."

ಮಾಡಿದರು. ಜಜ್ಜಿದ ಮುಂಭಾಗವನ್ನೂ ಚಕ್ರಕ್ಕೆ ತಾಗದಂತೆ ಎಳೆದು ಸರಿಮಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಜಿಟಿಜಿಟಿ ಮಳೆ ನಿಂತಿರಲಿಲ್ಲ. "ಖಾಲಿ ಗಾಡೀಲೇ, ಅದೇ ಸ್ಪೀಡಲ್ಲಿ ಹೋಗಿ ಬ್ರೇಕ್ ಒತ್ತಮ್ಮ. ಪಕ್ಕದಲ್ಲಿ ನಾನು ಕೂತ್ಕೊಂಡಿರ್ತೀನಿ," ಅಂದರು. ಅವಳು ಹತ್ತಿದಳು. ಅವರು ಆಚೆ ಬಾಗಿಲಿನಿಂದ ಹತ್ತಿ ಕೂತರು.

"ಇಳಿಯೇ ಕೆಳಗೆ! ಒಂದ್ಸಲ ಸತ್ತು ಬದುಕಿದ್ದು ಸಾಲ್ದಾ?" ಎಂದು ಚೆನ್ನರಾಯಪ್ಪ ಗಾಡಿಗೆ ಅಡ್ಡ ನಿಂತ.

ಆಗ ಚಿಕ್ಕವೆಂಕಟಮ್ಮ ನಡೆದು ಬಂದರು. ಬೆಳಗಿನಿಂದ ಬಾಯಿ ಬಿಡದ ಮುದುಕಿ, ಮಗನನ್ನು ಪಕ್ಕಕ್ಕೆ ಸರಿಸಿ, ಎಡ ಬಾಗಿಲಿಗೆ ಹೋದರು.

"ಸ್ವಲ್ಪ ಜರುಗಪ್ಪ ವೆಂಕಟರವಣ, ನಾನೂ ಬರ್ತೀನಿ."

ಆ ಮನೆಯವರು ನಮ್ಮ ಜಾತಿಯವರೇ, ನನಗೆ ಗೊತ್ತಿಲ್ಲದ್ದೇನಲ್ಲ. ವೆಂಕಟರವಣಪ್ಪ ಎಷ್ಟೋ ಸಲ ಆ ಮನೆಯ ಟ್ರಾಕ್ಟರು ರಿಪೇರಿಗೆ ಹೋಗಿದ್ದಾರೆ. ಜಗಲಿಯ ಮೇಲೆ ಕೂತವರಲ್ಲ, ನೀರು ಕೂಡ ಅಂಗಳದಲ್ಲಿ ನಿಂತೇ ಕುಡಿದು ಬಂದಿದ್ದಾರೆ. ಅದನ್ನು ನಾನೂ ನೋಡಿದ್ದೇನೆ, ನೋಡಿ ಏನೂ ಅನಿಸದೆ ಬಂದಿದ್ದೇನೆ. ಅವರು ಗಡಬಡಿಸಿ ಇಳಿಯಲು ಹೋದರು. "ಕೂತ್ಕೊಳೋ, ಎಲ್ಲಿಗೆ ಹೋಗ್ತೀಯ" ಎಂದು ಗದರಿ, ಮೊಣಕಾಲು ನೋವಿನ ಆ ಹೆಂಗಸು ಹತ್ತಿ, ಅವರ ಭುಜಕ್ಕೆ ಭುಜ ಒತ್ತಿಕೊಂಡು ಕೂತು, ಬಾಗಿಲು ಎಳೆದುಕೊಂಡರು.

ಗಾಡಿ ಬೈಪಾಸಿನ ಕಡೆ ಹೊರಟಿತು. ನಾವೆಲ್ಲ ಮಳೆಯಲ್ಲಿ ನಿಂತೆವು. ದೂರದಲ್ಲಿ ವೇಗ ಹಿಡಿದದ್ದು ಕಂಡಿತು, ಕೆಂಪು ದೀಪ ಹತ್ತಿತು, ಟೈರು ಕಿರ್ರೆಂದಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಗಾಡಿ ರಸ್ತೆಯ ನಡುವೆ, ಹೋದ ದಿಕ್ಕಿಗೇ ಮುಖ ಮಾಡಿ, ನೆಟ್ಟಗೆ ನಿಂತಿತ್ತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಮೂರು ಸಲ.

ವಾಪಸು ಬಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ವೆಂಕಟರವಣಪ್ಪ ನಡುವೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು, ಅವರ ಭುಜ ಅಲುಗುತ್ತಿತ್ತು. ಚಿಕ್ಕವೆಂಕಟಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಚೆನ್ನರಾಯ, ಗೌರಿಬಿದನೂರೋರಿಗೆ ಫೋನ್ ಮಾಡಿ ಬರಬೇಡಿ ಅನ್ನು," ಎಂದರು. "ನಾವು ಮೂರು ಜನ ಮನೆಗೆ ಹೋಗ್ತಿದ್ದೀವಿ, ಊಟದ ಹೊತ್ತಾಯ್ತು."